ಮನೆಮಾತು ಕೇಳದೆ ಮಗುವಿನ ಬುದ್ಧಿ ಅಳೆಯಬೇಡಿ

ಕೊಡಗು ಜಿಲ್ಲಾಡಳಿತಕ್ಕೆ, ಶಾಲಾ ಶಿಕ್ಷಣ ಇಲಾಖೆಗೆ, ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಅಧಿಕಾರಿಗಳಿಗೆ, ಜಿಲ್ಲೆಯ ಶಿಕ್ಷಕರಿಗೆ ಮತ್ತು ಹೆತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಮನಃಶಾಸ್ತ್ರೀಯ ಪರೀಕ್ಷೆ ಮತ್ತು ವಿಶೇಷ ಶಿಕ್ಷಣದ ಕೆಲಸದಲ್ಲಿರುವ ನಾವು ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಮುಖ್ಯ ಬೇಡಿಕೆ ಒಂದೇ. ಬುದ್ಧಿಮತ್ತೆ ಪರೀಕ್ಷೆಯ ಪೆಟ್ಟಿಗೆ ತೆರೆಯುವ ಮೊದಲು ಈ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆ ಎಂದು ಕೇಳಿ, ಬರೆದುಕೊಂಡು, ಅದಕ್ಕೆ ತಕ್ಕ ಪರೀಕ್ಷೆಯನ್ನೇ ಮಾಡುವುದು ಈ ಜಿಲ್ಲೆಯಲ್ಲಿ ಕಡ್ಡಾಯವಾಗಲಿ.

ಕೊಡಗು ಚಿಕ್ಕ ಜಿಲ್ಲೆ. ಆದರೆ ಇಲ್ಲಿನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ, ಜೇನುಕುರುಬರ ನುಡಿ, ಮಲಯಾಳ, ತುಳು, ತಮಿಳು ಆಡುವ ಮಕ್ಕಳು ಕೂತಿರುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳೂ ಇವೆ. ಇವರಲ್ಲಿ ಬಹಳ ಮಕ್ಕಳಿಗೆ ಕನ್ನಡ ಎಂಬುದು ಶಾಲೆಯ ಗೇಟಿನ ಒಳಗೆ ಮಾತ್ರ ಕಿವಿಗೆ ಬೀಳುವ ಭಾಷೆ. ಇಂಥ ಮಗುವನ್ನು ಅಂಗವೈಕಲ್ಯ ಗುರುತಿಸುವ ಮೌಲ್ಯಾಂಕನ ಶಿಬಿರದ ಬೆಂಚಿನ ಮೇಲೆ ಕೂರಿಸಿ ಕನ್ನಡದಲ್ಲಿ ಪ್ರಶ್ನೆ ಕೇಳಿ, ಅದು ಸುಮ್ಮನಿದ್ದರೆ ಸೊನ್ನೆ ಹಾಕಿದರೆ, ಆ ಸೊನ್ನೆ ಬುದ್ಧಿಗೆ ಸಿಕ್ಕಿದ್ದೋ ಭಾಷೆಗೆ ಸಿಕ್ಕಿದ್ದೋ ಹಾಳೆ ನೋಡಿದವರಿಗೆ ತಿಳಿಯುವುದಿಲ್ಲ.

ಈ ಪರೀಕ್ಷೆಗಳು ಹುಟ್ಟಿದ್ದು ಮಕ್ಕಳನ್ನು ಬೇರ್ಪಡಿಸುವುದಕ್ಕಲ್ಲ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಮೊದಲ ಮಾಪಕ ಮಾಡಿದ್ದು, ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸಲು. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ನಿಗದಿಯಾದ ವಸ್ತುವಲ್ಲ ಎಂದು ಬಿನೆಯೇ ಬರೆದಿದ್ದರು. ಅದೇ ಮಾಪಕವನ್ನು ಅಮೆರಿಕದ ಹೆನ್ರಿ ಗೊಡಾರ್ಡ್ 1913ರ ಹೊತ್ತಿಗೆ ಎಲ್ಲಿಸ್ ದ್ವೀಪಕ್ಕೆ ಒಯ್ದು, ಹಡಗಿನಿಂದ ಆಗಷ್ಟೇ ಇಳಿದಿದ್ದ ವಲಸಿಗರ ಮೇಲೆ ದುಭಾಷಿಗಳ ಮೂಲಕ ಪ್ರಯೋಗಿಸಿದರು. ಪರೀಕ್ಷಿಸಿದ ಗುಂಪುಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ಮಂದಬುದ್ಧಿಯವರು ಎಂಬ ಫಲಿತಾಂಶ ಬಂತು. ದಣಿದು, ಹೆದರಿ, ಭಾಷೆ ತಿಳಿಯದೆ ನಿಂತಿದ್ದವರ ಮೇಲೆ ಬಿದ್ದ ಮುದ್ರೆ ಅದು. ಲೈನ್ ಮನೆಯ ಮಗುವನ್ನು ಜೀಪಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಕರೆತಂದು ಹತ್ತು ನಿಮಿಷದಲ್ಲಿ ಅಳೆದು ಕಳಿಸಿದರೆ ನಾವು ಮಾಡುವುದೂ ಅದನ್ನೇ.

ಕನ್ನಡದ ಮಟ್ಟಿಗೆ ನಮಗೆ ಹೆಮ್ಮೆಯ ಚರಿತ್ರೆಯೇ ಇದೆ. ಬಿನೆ ಮಾಪಕವನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಬಳಕೆಯಲ್ಲಿರುವುದು ಅದೇ. ಅದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ, ಒಂದೆರಡು ಮಾತು ಅರ್ಥವಾಗದೆ ಹೋದರೆ ಏನಾಗುತ್ತದೆಂದು ಯಾರಿಗಾದರೂ ಕಾಣುತ್ತದೆ.

ಕೆಳಗಿನ ವಯಸ್ಸುಗಳಲ್ಲಿ ಒಂದೊಂದು ವರ್ಷಕ್ಕೆ ಆರು ಪ್ರಶ್ನೆ, ಒಂದು ಪ್ರಶ್ನೆಗೆ ಎರಡು ತಿಂಗಳ ಬೆಲೆ. ಆರನ್ನೂ ಸರಿ ಮಾಡಿದ ವಯಸ್ಸಿನಿಂದ ಎಣಿಕೆ ಶುರು, ಆರೂ ತಪ್ಪಿದ ವಯಸ್ಸಿನಲ್ಲಿ ನಿಲ್ಲಿಸಬೇಕು. 8 ವರ್ಷ 4 ತಿಂಗಳಿನ ಮಗು ಎಂದುಕೊಳ್ಳಿ, ಅಂದರೆ 100 ತಿಂಗಳು. ಐದನೆಯ ವರ್ಷದ್ದೆಲ್ಲ ಸರಿ: 60 ತಿಂಗಳು. ಆರನೆಯದರಲ್ಲಿ ನಾಲ್ಕು ಸರಿ, 8 ತಿಂಗಳು. ಏಳನೆಯದರಲ್ಲಿ ಎರಡು ಸರಿ, 4 ತಿಂಗಳು. ಎಂಟನೆಯದರಲ್ಲಿ ಯಾವುದೂ ಇಲ್ಲ. ಎಲ್ಲ ಕೂಡಿದರೆ ಮಾನಸಿಕ ವಯಸ್ಸು 72 ತಿಂಗಳು. ಅದನ್ನು ನಿಜವಾದ ವಯಸ್ಸಿನ 100 ತಿಂಗಳಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧಿಲಬ್ಧಾಂಕ, ಅಂದರೆ ಐಕ್ಯೂ, 72. ಈಗ, ತಪ್ಪಾದ ಪ್ರಶ್ನೆಗಳಲ್ಲಿ ಐದು ಕನ್ನಡದ ಪದ ಗೊತ್ತಿಲ್ಲದ್ದಕ್ಕೇ ತಪ್ಪಿದವು ಎಂದಾದರೆ, ಮನೆಮಾತಿನಲ್ಲಿ ಅದೇ ಮಗು 82 ಪಡೆಯುತ್ತಿತ್ತು. ಇನ್ನೆರಡು ಪ್ರಶ್ನೆ ಹೀಗೆಯೇ ಕೈತಪ್ಪಿದ್ದರೆ 68ಕ್ಕೆ ಇಳಿದು, 70ರ ಗೆರೆ ದಾಟಿ, ಬೌದ್ಧಿಕ ಅಂಗವೈಕಲ್ಯದ ಪಟ್ಟಿಗೆ ಸೇರುವ ದಾರಿಯಲ್ಲಿ ಇರುತ್ತಿತ್ತು.

ಹುಟ್ಟಿದ ದಿನಾಂಕವೂ ಹೀಗೆಯೇ. ಹಾಡಿಯಲ್ಲಿ (ಗಿರಿಜನರ ವಸತಿಯಲ್ಲಿ), ಲೈನ್ ಮನೆಯಲ್ಲಿ ಹುಟ್ಟಿ ಜನನ ಪ್ರಮಾಣಪತ್ರವಿಲ್ಲದ ಮಗುವಿಗೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆಯುವ ರೂಢಿ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಮೇಲಿನ ಮಗುವಿನ ವಯಸ್ಸು ಪುಸ್ತಕದಲ್ಲಿ ಆರು ತಿಂಗಳು ಹೆಚ್ಚಾಗಿ ಬಿದ್ದಿದ್ದರೆ 72ನ್ನು 106ರಿಂದ ಭಾಗಿಸಬೇಕಾಗುತ್ತದೆ, ಐಕ್ಯೂ 68. ನಿಜವಾದ ವಯಸ್ಸು ಏಳೂವರೆಯೇ ಆಗಿದ್ದರೆ ಅದೇ ಉತ್ತರಗಳಿಗೆ 80. ಮಗು ಒಂದೇ, ಉತ್ತರಗಳೂ ಅವೇ. ಹಾಗಾಗಿ ತಾಯಿ ಕಾರ್ಡ್, ಅಂಗನವಾಡಿಯ ತೂಕದ ಪುಸ್ತಕ, ಅದೂ ಇಲ್ಲದಿದ್ದರೆ ಪುತ್ತರಿ ಹಬ್ಬಕ್ಕೆ ಮುಂಚೆ ಹುಟ್ಟಿತೋ ಆಮೇಲೋ, ಕಾಫಿ ಕುಯ್ಯುವಾಗಲೋ ಎಂದು ತಾಯಿಯ ಬಳಿ ಕೂತು ಕೇಳಿ ತಿಂಗಳು ಗೊತ್ತುಮಾಡಿಕೊಳ್ಳಬೇಕು. ಯಾವ ಮೂಲದಿಂದ ತಿಳಿಯಿತು ಎಂಬುದು ವರದಿಯಲ್ಲಿರಬೇಕು.

ಹಳೆಯ ಪರೀಕ್ಷೆ ಇನ್ನೊಂದು ದಿಕ್ಕಿನಲ್ಲೂ ತಪ್ಪುತ್ತದೆ. ತಲೆಮಾರು ಕಳೆದಂತೆ ಜನರ ಸರಾಸರಿ ಅಂಕ ಏರುತ್ತ ಹೋಗುತ್ತದೆ ಎಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅವರ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕ. ಹಳೆಯ ಕಾಲದ ಮಕ್ಕಳಿಗೆ ಹೋಲಿಸಿ ಅಂಕ ಕೊಟ್ಟರೆ ನಿಜಕ್ಕೂ ನೆರವು ಬೇಕಾದ ಮಗುವಿಗೆ ಹೆಚ್ಚು ಅಂಕ ಬಂದು ಪಿಂಚಣಿ, ವಿಶೇಷ ಶಿಕ್ಷಕರ ನೆರವು ಎರಡೂ ತಪ್ಪಬಹುದು. ಭಾಷೆ ಕೆಳಗೆಳೆಯುತ್ತದೆ, ಹಳೆಯ ಮಾನದಂಡ ಮೇಲೆತ್ತುತ್ತದೆ. ಎರಡೂ ಸೇರಿದ ಅಂಕೆಯನ್ನು ನಂಬಿ, ಸವಲತ್ತಿಗೆ ಬೇಕಾದ 40 ಶೇಕಡಾ ಅಂಗವೈಕಲ್ಯ ಇದೆಯೇ ಎಂದು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ನಿರ್ಧರಿಸುವುದು ಸರಿಯಲ್ಲ.

ಹಾಗಾದರೆ ಮಾತಿಲ್ಲದ ಪರೀಕ್ಷೆ ಮಾಡಿದರಾಯಿತಲ್ಲ ಎಂದು ಅಧಿಕಾರಿಗಳು ಕೇಳುವುದುಂಟು. ಅರ್ಧ ಸರಿ. ರೇವನ್ನರ ಬಣ್ಣದ ಮಾದರಿಗಳ ಪರೀಕ್ಷೆಯಲ್ಲಿ 36 ಚಿತ್ರಗಳಿವೆ. ಪ್ರತಿ ಚಿತ್ರದಲ್ಲಿ ಒಂದು ತುಂಡು ಕಾಣೆ, ಕೆಳಗಿನ ಆರರಲ್ಲಿ ಸರಿಯಾದದ್ದನ್ನು ಮಗು ಬೆರಳಿಟ್ಟು ತೋರಿಸಬೇಕು. ಮಾತು ಬೇಡ, ನಿಜ. ಆದರೆ ಕಣ್ಣು ಮುಚ್ಚಿ ತೋರಿಸಿದರೂ ಸರಾಸರಿ 6 ಸರಿಯಾಗುತ್ತವೆ. ಹೆದರಿದ ಮಗು ಪ್ರತಿ ಸಲವೂ ಒಂದೇ ಜಾಗಕ್ಕೆ ಬೆರಳಿಡುತ್ತದೆ. ಪರೀಕ್ಷಕರು ಉತ್ತರದ ಹಾಳೆಯಲ್ಲಿ ಸರಿ-ತಪ್ಪು ಮಾತ್ರ ಗುರುತಿಸಿ, ಮಗು ತೋರಿಸಿದ ಅಂಕೆಯನ್ನು ಬರೆಯದಿದ್ದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಮೊದಲ ಚಿತ್ರದಲ್ಲಿ ಆಟದ ಕ್ರಮ ಅರ್ಥವಾಯಿತೇ ಎಂದು ನಿಂತು ನೋಡಲೇಬೇಕು.

ಸೆಗುಯಿನ್ ಫಾರ್ಮ್ ಬೋರ್ಡ್ ಇನ್ನೂ ಸರಳವಾಗಿ ಕಾಣುತ್ತದೆ. ಹಲಗೆಯಲ್ಲಿ ಹತ್ತು ಗುಂಡಿ, ಹತ್ತು ಆಕಾರದ ಮರದ ತುಂಡು. ಮೂರು ಸಲ ಜೋಡಿಸಲು ಹೇಳಿ, ಅತಿ ಕಡಿಮೆ ಸಮಯವನ್ನು ತೆಗೆದುಕೊಂಡು ಪಟ್ಟಿಯಲ್ಲಿ ಮಾನಸಿಕ ವಯಸ್ಸು ನೋಡುತ್ತಾರೆ. ಇಲ್ಲಿ ಎಲ್ಲವೂ ನಿಂತಿರುವುದು 'ಬೇಗ' ಎಂಬ ಒಂದೇ ಮಾತಿನ ಮೇಲೆ. ಅದು ಅರ್ಥವಾಗದ ಮಗು ಏನು ಮಾಡುತ್ತದೆ ಗಮನಿಸಿ. ನಕ್ಷತ್ರದ ತುಂಡನ್ನು ಕೈಗೆತ್ತಿಕೊಳ್ಳುತ್ತದೆ, ತಿರುಗಿಸಿ ನೋಡುತ್ತದೆ, ಅಂಚನ್ನು ಬೆರಳಿನಿಂದ ಸವರುತ್ತದೆ, ಗುಂಡಿಗೆ ಕೂರಿಸಿ ಅಂಗೈಯಿಂದ ಮೆಲ್ಲಗೆ ಒತ್ತುತ್ತದೆ, ಸರಿಯಾಯಿತೇ ಎಂದು ಪರೀಕ್ಷಕರ ಮುಖ ನೋಡುತ್ತದೆ, ಆಮೇಲೆ ಮುಂದಿನದಕ್ಕೆ ಕೈ ಚಾಚುತ್ತದೆ. ಒಂದೂ ತಪ್ಪಿಲ್ಲ. ಆದರೆ ಗಡಿಯಾರ ಓಡುತ್ತಿದೆ, ವರದಿಯಲ್ಲಿ ಅದು ತನ್ನ ವಯಸ್ಸಿಗಿಂತ ಎರಡು ಮೂರು ವರ್ಷ ಹಿಂದಿರುವ ಮಗು. ಈ ಮಗುವಿನ ಅಂಕದ ಪಕ್ಕದಲ್ಲಿ 'ತಪ್ಪಿಲ್ಲದೆ ಜೋಡಿಸಿತು, ಅವಸರ ಮಾಡಲಿಲ್ಲ' ಎಂಬ ಒಂದು ಸಾಲು ಬರೆಯದ ವರದಿಯನ್ನು ಒಪ್ಪಬೇಡಿ.

ನಮ್ಮ ಜಿಲ್ಲೆಗೆ ಹೆಚ್ಚು ಬೇಕಾದ ಮಾತು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕದ್ದು. ಎಡ್ಗರ್ ಡಾಲ್ 1935ರಲ್ಲಿ ಮಾಡಿದ್ದು ಇದು. ನಾಗಪುರದ ಎ. ಜೆ. ಮಾಲಿನ್ ಭಾರತಕ್ಕೆ ಒಗ್ಗಿಸಿದರು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ ಪರಿಷ್ಕರಿಸಿದರು. ಹುಟ್ಟಿನಿಂದ 15 ವರ್ಷದವರೆಗೆ 89 ಅಂಶಗಳಿವೆ. ಇದರಲ್ಲಿ ಮಗುವನ್ನು ಪ್ರಶ್ನಿಸುವುದಿಲ್ಲ. ಮಗು ದಿನನಿತ್ಯ ತಾನಾಗಿ ಏನೇನು ಮಾಡುತ್ತದೆ ಎಂದು ತಾಯಿಯನ್ನೋ ಮಗುವನ್ನು ನೋಡಿಕೊಳ್ಳುವವರನ್ನೋ ಕೇಳುತ್ತಾರೆ. ಅಂಗವೈಕಲ್ಯದ ಪ್ರಮಾಣ ಹೇಳುವಾಗ ಐಕ್ಯೂ ಜೊತೆಗೆ ಇದೂ ಬೇಕೇ ಬೇಕು, ಏಕೆಂದರೆ ಬೌದ್ಧಿಕ ಅಂಗವೈಕಲ್ಯ ಎನ್ನಲು ಬುದ್ಧಿಮತ್ತೆ ಕಡಿಮೆ ಇದ್ದರೆ ಸಾಲದು, ದಿನದ ಬದುಕಿನಲ್ಲೂ ಮಗು ಹಿಂದುಳಿದಿರಬೇಕು.

ಈಗ ಕೊಡಗಿನ ಹಾಡಿಯಲ್ಲಿ ಈ ಮಾಪಕ ಹೇಗೆ ಎಡವುತ್ತದೆ ನೋಡಿ. ಮಗು ಒಬ್ಬನೇ ಶಾಲೆಗೆ ಹೋಗುತ್ತಾನೆಯೇ? ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ಯಾವ ತಾಯಿಯೂ ಹೌದು ಎನ್ನುವುದಿಲ್ಲ, ದಾರಿಯಲ್ಲಿ ಆನೆ ಇದೆ. ಮೆಟ್ಟಿಲನ್ನು ಒಂದೊಂದೇ ಹೆಜ್ಜೆಯಲ್ಲಿ ಇಳಿಯುತ್ತಾನೆಯೇ? ಹಾಡಿಯ ಮನೆಯಲ್ಲಿ ಮೆಟ್ಟಿಲೇ ಇಲ್ಲ. ತಾಯಿ 'ಇಲ್ಲ' ಎಂದಳೆಂದು ಸೊನ್ನೆ ಹಾಕುವುದು ನಿಯಮವೇ ಅಲ್ಲ. ಡಾಲ್ ತಮ್ಮ ಮೂಲ ನಿಯಮದಲ್ಲೇ 'ಅವಕಾಶವಿಲ್ಲ' ಎಂಬ ಬೇರೆ ಗುರುತು ಇಟ್ಟಿದ್ದಾರೆ. ಮಗುವಿಗೆ ಆ ಕೆಲಸ ಮಾಡುವ ಸಂದರ್ಭವೇ ಇಲ್ಲದಿದ್ದು, ಅದರ ಹಿಂದಿನ, ಮುಂದಿನ ಅಂಶಗಳನ್ನು ಅದು ಮಾಡುತ್ತಿದ್ದರೆ, ಆ ಅಂಶಕ್ಕೂ ಪೂರ್ತಿ ಅಂಕ ಕೊಡಬೇಕು. ಅವಸರದ ಶಿಬಿರದಲ್ಲಿ ಮೊದಲು ಬಿಟ್ಟುಹೋಗುವುದು ಈ ಗುರುತೇ. ಅದೇ ಮಗು ಕತ್ತಿ ಹಿಡಿದು ಸೌದೆ ಸೀಳುತ್ತದೆ, ತಂಗಿಗೆ ಅನ್ನ ಬೇಯಿಸಿ ಉಣ್ಣಿಸುತ್ತದೆ, ಯಾವ ಗೆಡ್ಡೆ ತಿನ್ನಬಹುದು ಯಾವುದು ಕೂಡದು ಎಂದು ಬಲ್ಲದು. ತೆರೆದ ಪ್ರಶ್ನೆ ಕೇಳಿದರೆ ತಾಯಿ ಇದನ್ನೆಲ್ಲ ಹೇಳುತ್ತಾಳೆ. 'ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನು ಮಾಡುತ್ತಾನೆ, ಹೇಳಮ್ಮ' ಎಂದು ಕೇಳಿ, ಅವಳ ಮಾತಿನಿಂದ ಅಂಶಗಳನ್ನು ಆರಿಸಿಕೊಳ್ಳಬೇಕು. ಹೌದು-ಇಲ್ಲ ಎಂದು 89 ಸಲ ಕೇಳಿದರೆ ಸುಸ್ತಾದ ತಾಯಿ ಕೊನೆಕೊನೆಗೆ ಎಲ್ಲಕ್ಕೂ ತಲೆಯಾಡಿಸುತ್ತಾಳೆ.

ಭಾಷಾಂತರ ಮಾಡುವವರ ಬಗ್ಗೆ ಒಂದು ಮಾತು. ಅಕ್ಕನನ್ನೋ ದೊಡ್ಡ ತರಗತಿಯ ಹುಡುಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದರೆ ಅವರು ಪ್ರೀತಿಯಿಂದಲೇ ಉತ್ತರದ ಸುಳಿವು ಕೊಡುತ್ತಾರೆ, ಇಲ್ಲವೇ 'ಅಷ್ಟೂ ಗೊತ್ತಿಲ್ವಾ' ಎಂದು ಗದರುತ್ತಾರೆ. ಹಾಡಿಯಿಂದಲೇ ಬಂದ ಆಶಾ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ, ಆಶ್ರಮ ಶಾಲೆಯ ಶಿಕ್ಷಕರಲ್ಲಿ ಆಸಕ್ತರನ್ನು ಆರಿಸಿ ಅರ್ಧ ದಿನ ತರಬೇತಿ ಕೊಟ್ಟರೆ ಸಾಕು: ಹೇಳಿದ್ದನ್ನು ಹೇಳಿದಷ್ಟೇ ಹೇಳುವುದು, ತಲೆಯಾಡಿಸದಿರುವುದು, ಮಗುವಿನ ಮಾತನ್ನು ತಿದ್ದದೆ ಇದ್ದಂತೆಯೇ ಕನ್ನಡಕ್ಕೆ ತರುವುದು. ಆದರೆ ಅವರ ನೆರವು ಸೂಚನೆ ಕೊಡುವುದಕ್ಕೆ, ತಾಯಿಯ ಸಂದರ್ಶನಕ್ಕೆ ಮಾತ್ರ. ಪದಗಳ ಅರ್ಥ ಕೇಳುವ ಪ್ರಶ್ನೆಗಳನ್ನು ಸ್ಥಳದಲ್ಲೇ ಅನುವಾದಿಸಿ ಅಂಕ ಹಾಕಬಾರದು. ಕನ್ನಡದಲ್ಲಿ ಕಷ್ಟವಾದ ಪದ ಎರವ ಭಾಷೆಯಲ್ಲಿ ಎರಡು ವರ್ಷದ ಕೂಸೂ ಆಡುವ ಮಾತಾಗಿರಬಹುದು, ತಿರುಗಾಮುರುಗವೂ ಆಗಬಹುದು. ಅಂಥ ಭಾಗವನ್ನು ಬಿಟ್ಟು, ಬಿಟ್ಟಿದ್ದೇವೆ ಎಂದು ಬರೆಯುವುದೇ ಪ್ರಾಮಾಣಿಕತೆ.

ಪರೀಕ್ಷೆಗೆ ಕೂರಿಸುವ ಮೊದಲು ಕಿವಿ, ಕಣ್ಣು ನೋಡಿಸಿ. ಕಿವಿ ಸೋರುವ ಮಗು ಪ್ರಶ್ನೆಯ ಅರ್ಧವನ್ನಷ್ಟೇ ಕೇಳಿರುತ್ತದೆ. ಫಿಟ್ಸ್ ಮಾತ್ರೆ ಕೆಲವು ಮಂಪರು ತರುತ್ತವೆ, ಎಷ್ಟು ಹೊತ್ತಿಗೆ ನುಂಗಿಸಿದ್ದು ಎಂದು ಕೇಳಿ. ಬೆಳಗಿನ ತಿಂಡಿ ಆಗಿದೆಯೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಕೈಗೆ ಹತ್ತದಿರುವುದರ, ವಿಷಯದಲ್ಲಿ ಬೇರೆಯ ತೊಂದರೆ. ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷಾ ಸಮುಚ್ಚಯದಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು. ಎರಡನೆಯ ಹಂತದಲ್ಲಿ ಗಮನ, ಓದು, ಕಾಗುಣಿತ, ಅರ್ಥಗ್ರಹಿಕೆ, ಗಣಿತ, ನೆನಪು, ನೋಡಿ ಬರೆಯುವುದು ಎಲ್ಲ ಇವೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ 8 ತುಂಬಿದ ಮೇಲೆಯೇ ಪ್ರಮಾಣಪತ್ರ, 14ಕ್ಕೂ 18ಕ್ಕೂ ಮತ್ತೆ ಪರೀಕ್ಷೆ ಎಂದಿತ್ತು. ಎಸ್ಎಸ್ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಸಿಗುವುದು ಈ ಪ್ರಮಾಣಪತ್ರದ ಮೇಲೆ. ಆದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಅಪ್ಪ ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋಗಿ ಶಾಲೆ ತಪ್ಪಿಸಿಕೊಂಡ ಮಗು ಓದಲಾರದೆ ಹೋದರೆ ಅದು ಕಲಿಕಾ ನ್ಯೂನತೆಯಲ್ಲ, ಪಾಠ ಸಿಗದಿರುವುದು. ಕೊಡವ ತಕ್ಕ್ ಆಡುವ ಮನೆಯಿಂದ ನೇರ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗುವಿನ ಕಾಗುಣಿತದ ತಪ್ಪನ್ನೂ ತೂಗಿ ನೋಡಬೇಕು. ಆರು ತಿಂಗಳು ಗುರಿಯಿಟ್ಟು ಕಲಿಸಿದ ಮೇಲೂ ತೊಂದರೆ ಉಳಿದರೆ ಮಾತ್ರ ಕಲಿಕಾ ನ್ಯೂನತೆಯ ಮಾತು. ಆ ಆರು ತಿಂಗಳ ಪಾಠದ ದಾಖಲೆಯನ್ನು ಬಿ.ಐ.ಇ.ಆರ್.ಟಿ. ಶಿಕ್ಷಕರಿಂದ (ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಂದ) ಕೇಳಿ ಪಡೆಯಿರಿ.

ಆಟಿಸಂಗೆ ಭಾರತೀಯ ಮಾಪಕವೇ ಇದೆ, 40 ಅಂಶ, ಒಂದೊಂದಕ್ಕೆ 1ರಿಂದ 5. ಮೊತ್ತ 70 ಮುಟ್ಟಿದರೆ ಆಟಿಸಂ ಎಂದು ಗಣಿಸುತ್ತಾರೆ. ಕಣ್ಣಿಗೆ ಕಣ್ಣು ಕೊಡದಿರುವುದೂ ಮಾತಾಡದಿರುವುದೂ ಅದರಲ್ಲಿ ಅಂಶಗಳು. ಹೊಸಬರ ಮುಂದೆ ತಲೆ ತಗ್ಗಿಸಿ ಮೌನವಾಗಿ ಕೂರುವುದು ಹಾಡಿಯ ಮಕ್ಕಳಲ್ಲಿ ಸಹಜವಾದ ಸಂಕೋಚ. ಮನೆಯಂಗಳದಲ್ಲಿ, ತನ್ನವರ ಜೊತೆ ಮಗು ಹೇಗಿದೆ ಎಂದು ನೋಡದೆ ಈ ಮಾಪಕ ತುಂಬಬಾರದು.

ಹಾಸ್ಟೆಲ್ ಮತ್ತು ಕಾಲೇಜುಗಳಲ್ಲಿ ಖಿನ್ನತೆಯ ಪ್ರಶ್ನಾವಳಿ ಹಂಚುವುದು ಈಚೆಗೆ ಹೆಚ್ಚಿದೆ. ಅವುಗಳಲ್ಲಿ ಪಿಎಚ್‌ಕ್ಯೂ-9 ಎಂಬುದು ಒಳ್ಳೆಯ ಸಾಧನ, ಬಳಸಲು ಶುಲ್ಕವಿಲ್ಲ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು. ಆದರೆ ಅದು ಜರಡಿ, ರೋಗನಿರ್ಣಯವಲ್ಲ. 2001ರ ಮೂಲ ಅಧ್ಯಯನದಲ್ಲಿ ಖಿನ್ನತೆ ಇರುವ ನೂರರಲ್ಲಿ 88 ಮಂದಿಯನ್ನು ಅದು ಹಿಡಿಯಿತು, ಇಲ್ಲದ ನೂರರಲ್ಲಿ 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ಸಾವಿರ ವಿದ್ಯಾರ್ಥಿಗಳಲ್ಲಿ 50 ಜನಕ್ಕೆ ಖಿನ್ನತೆ ಇದೆ ಎಂದಿಟ್ಟುಕೊಳ್ಳಿ: 44 ಮಂದಿ ಸಿಕ್ಕುತ್ತಾರೆ, ಜೊತೆಗೆ ಖಿನ್ನತೆ ಇಲ್ಲದ 114 ಮಂದಿಯೂ ಸಿಕ್ಕುತ್ತಾರೆ. ಈ 158 ಮಕ್ಕಳ ಹೆಸರನ್ನು ಸ್ಟಾಫ್ ರೂಮಿನಲ್ಲಿ ಓದಿದರೆ ಆಗುವ ಹಾನಿ ಎಷ್ಟು? ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಆ ಉತ್ತರವನ್ನು ಅದೇ ದಿನ, ಮಗು ಮನೆಗೆ ಹೋಗುವ ಮೊದಲು ಓದುವವರು ಇಲ್ಲದಿದ್ದರೆ ಪ್ರಶ್ನಾವಳಿ ಹಂಚಲೇಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯನ್ನು ಹಾಳೆಯ ಮೇಲೆಯೇ ಅಚ್ಚು ಹಾಕಿಸಿ.

ಹೆತ್ತವರಿಗೆ ಒಂದು ಎಚ್ಚರಿಕೆ. ಬೆರಳಚ್ಚು ತೆಗೆದುಕೊಂಡು ನಿಮ್ಮ ಮಗು ಎಂಜಿನಿಯರೋ ಕಲಾವಿದನೋ ಎಂದು ಬಣ್ಣದ ಪುಸ್ತಕ ಕೊಡುವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಅದಕ್ಕೆ ಹಣ ಕೊಡಬೇಡಿ. ಶಾಲೆಗಳು ಅವರಿಗೆ ಸಭಾಂಗಣ ಕೊಡುವುದನ್ನು ಇಲಾಖೆ ನಿಲ್ಲಿಸಬೇಕು.

ವರದಿ ಕೈಗೆ ಬಂದಾಗ ಏನು ನೋಡಬೇಕು? 'ಐಕ್ಯೂ 72' ಎಂಬ ಒಂದೇ ಸಾಲಿದ್ದರೆ ಹಿಂದಿರುಗಿಸಿ. ವಿಶ್ವಾಸಾರ್ಹತೆ (ಅಂಕ ಎಷ್ಟು ಸ್ಥಿರ ಎಂಬ ಅಳತೆ, 1 ಎಂದರೆ ಪೂರ್ತಿ ಸ್ಥಿರ) 0.91 ಇರುವ ಒಳ್ಳೆಯ ಪರೀಕ್ಷೆಯಲ್ಲೂ 72 ಎಂದರೆ ಸುಮಾರು 63ರಿಂದ 81ರ ನಡುವೆ ಎಲ್ಲಾದರೂ ಇರಬಹುದು ಎಂದರ್ಥ. ಆ ವ್ಯಾಪ್ತಿ ವರದಿಯಲ್ಲಿರಬೇಕು. ಮನೆಮಾತು ಯಾವುದು, ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು, ನಡುವೆ ಯಾರು ಕೂತಿದ್ದರು, ಮಗು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಎಡವಿತು, ಮುಂದಿನ ಮೂರು ತಿಂಗಳು ತರಗತಿಯಲ್ಲೂ ಮನೆಯಲ್ಲೂ ಏನು ಮಾಡಬೇಕು, ಇದೆಲ್ಲ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟರ ಸಹಿಯ ಕೆಳಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿ.ಆರ್.ಆರ್. ನಂಬರ್ (ನೋಂದಣಿ ಸಂಖ್ಯೆ) ಇರಬೇಕು. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಇದಕ್ಕೆಲ್ಲ ಸಮಯ ಬೇಕು. ಒಂದು ಮಗುವಿನ ಪೂರ್ತಿ ಪರೀಕ್ಷೆಗೆ ಎರಡು ಮೂರು ಗಂಟೆ ಹಿಡಿಯುತ್ತದೆ, ಚಿಕ್ಕ ಮಕ್ಕಳಿಗೆ ಎರಡು ಬಾರಿಯಾಗಿ ಹಂಚಿಕೊಳ್ಳಬೇಕು. ಐದು ಗಂಟೆಯ ಶಿಬಿರಕ್ಕೆ 40 ಮಕ್ಕಳನ್ನು ಕರೆಸಿ ಒಬ್ಬರೇ ಪರೀಕ್ಷಕರನ್ನು ಕೂರಿಸಿದರೆ ಒಬ್ಬರಿಗೆ ಏಳೂವರೆ ನಿಮಿಷ. ಶಿಬಿರದಲ್ಲಿ ಗುರುತಿಸುವ ಕೆಲಸ ಮಾತ್ರ ಆಗಲಿ, ಪರೀಕ್ಷೆ ಬೇರೆ ದಿನ, ದಿನಕ್ಕೆ ಮೂರು ಮಕ್ಕಳಂತೆ ಆಗಲಿ. ಕಾಲವನ್ನೂ ಆರಿಸಿಕೊಳ್ಳಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಶೀಟಿನ ಮಾಡಿನ ಮೇಲೆ ಹೊಯ್ಯುವಾಗ ಸೆಕೆಂಡಿಗೊಂದರಂತೆ ಹೇಳುವ ಅಂಕೆಗಳು ಮಗುವಿಗೆ ಕೇಳುವುದೇ ಇಲ್ಲ, ನೆನಪಿನ ಪರೀಕ್ಷೆ ಎಲ್ಲಿಂದ? ಕಾಫಿ ಕುಯ್ಲು ಶುರುವಾದರೆ ತಾಯಂದಿರು ಸಿಗುವುದಿಲ್ಲ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ, ಹಬ್ಬದ ದಿನ ಬಿಟ್ಟು ಇಟ್ಟುಕೊಂಡರೆ ಒಳ್ಳೆಯದು.

ಮುಂದಿನ ಶಿಬಿರದ ಅರ್ಜಿ ಅಚ್ಚಿಗೆ ಹೋಗುವ ಮೊದಲು ಮಗುವಿನ ಹೆಸರಿನ ಕೆಳಗೆ ಎರಡು ಸಾಲು ಸೇರಿಸಿ: 'ಮನೆಯಲ್ಲಿ ಆಡುವ ಭಾಷೆ', 'ಹುಟ್ಟಿದ ದಿನಾಂಕ ತಿಳಿದ ಮೂಲ'. ಭಾಷಾಂತರಕ್ಕೆ ಆರಿಸಿದವರಿಗೆ ಅರ್ಧ ದಿನದ ತರಬೇತಿಯನ್ನು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ನಾವೇ ಉಚಿತವಾಗಿ ಕೊಡುತ್ತೇವೆ. ದಿನ ತಿಳಿಸಿ, ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕೊಡಗಿನಲ್ಲಿ ಮಕ್ಕಳ ಮನಃಶಾಸ್ತ್ರೀಯ ಪರೀಕ್ಷೆ ಮತ್ತು ವಿಶೇಷ ಶಿಕ್ಷಣದ ಕೆಲಸದಲ್ಲಿರುವವರು
ಮಡಿಕೇರಿ